ಕಾನೂನು ಎಲ್ರಿಗೂ ಒಂದೇ ಆದ್ಮೇಲೂ ರೇಸಿಸಂ ಯಾಕೆ ಉಳ್ಕೊಳ್ಳುತ್ತೆ? ರಾಲ್ಸ್, ಮಿಲ್ಸ್ ಓದಿರೋರು ಬನ್ನಿ

ನೀಲಿಶಾಯಿ:
ಕೆಲವು ವಾರದಿಂದ ಜಾನ್ ರಾಲ್ಸ್ ಓದ್ತಾ ಇದೀನಿ, 1971ರಲ್ಲಿ ಬಂದ ಆ ದಪ್ಪ ಪುಸ್ತಕ, ನ್ಯಾಯದ ಸಿದ್ಧಾಂತದ್ದು. ಓದದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ: ನೀವು ಬಡವರೋ ಶ್ರೀಮಂತರೋ, ಎಷ್ಟು ಬುದ್ಧಿವಂತರು, ಯಾವ ಮನೇಲಿ ಹುಟ್ಟಿದೀರಿ, ಏನೂ ಗೊತ್ತಿಲ್ದೆ ಒಂದು ಪರದೆ ಹಿಂದೆ ಕೂತ್ಕೊಂಡು ಸಮಾಜಕ್ಕೆ ನಿಯಮ ಬರೀರಿ, ಆಗ ಎಲ್ರೂ ಒಪ್ಕೊಳ್ಳೋ ನಿಯಮಾನೇ ನ್ಯಾಯ. ಐಡಿಯಾ ಚೆನ್ನಾಗಿದೆ, ಅದ್ರಲ್ಲಿ ನಂಗೆ ತಕರಾರಿಲ್ಲ. ಆದ್ರೆ ಈ ಮನುಷ್ಯ ಇದನ್ನ ಬರೆದಿದ್ದು ಅಮೆರಿಕದಲ್ಲಿ, ಅದೂ 50, 60ರ ದಶಕದಲ್ಲಿ. ಸ್ಕೂಲಲ್ಲಿ ಕಪ್ಪು ಬಿಳಿ ಮಕ್ಕಳನ್ನ ಬೇರೆ ಬೇರೆ ಇಡೋ ಹಾಗಿಲ್ಲ ಅಂದ 1954ರ ಬ್ರೌನ್ ತೀರ್ಪು, 1964ರ ಸಿವಿಲ್ ರೈಟ್ಸ್ ಆಕ್ಟ್, 1965ರ ವೋಟಿಂಗ್ ರೈಟ್ಸ್ ಆಕ್ಟ್, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಎಲ್ಲಾ ಕಣ್ಣೆದುರೇ ನಡೀತಿತ್ತು, ಆದ್ರೂ ಪುಸ್ತಕದಲ್ಲಿ ರೇಸ್ (ಜನಾಂಗ) ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು ಬಿಟ್ರೆ ಹೇಳ್ಕೊಳ್ಳೋ ಅಂಥದ್ದೇನೂ ಇಲ್ಲ. ಇದು ಬರೀ ಬಿಟ್ಟುಹೋಗಿದ್ದಾ, ಅಥವಾ ಈ ಥರದ ಸಿದ್ಧಾಂತಕ್ಕೆ ರೇಸಿಸಂ ಅನ್ನೋದು ಕಣ್ಣಿಗೇ ಬೀಳಲ್ವಾ? ಓದಿರೋರು ಹೇಳಿ.

ತರ್ಕತಿಮ್ಮ:
ಸಾಲು ಎಣಿಸಿ ತೀರ್ಪು ಕೊಟ್ರೆ ಹೇಗೆ ಸ್ವಾಮಿ. ಅದೇ ಪುಸ್ತಕದಲ್ಲಿ ಕಾನೂನು ಭಂಗ ಚಳವಳಿ ಯಾವಾಗ ಸರಿ ಅಂತ ಉದ್ದಕ್ಕೆ ಬರೆದಿದಾರೆ, ಆ ಕಾಲದಲ್ಲಿ ಓದಿದೋರಿಗೆ ಇದು ಯಾರ ವಿಷ್ಯ ಅಂತ ಬಿಡಿಸಿ ಹೇಳೋ ಅಗತ್ಯ ಇರ್ಲಿಲ್ಲ. ಪರದೆ ಹಿಂದೆ ಕೂತೋನಿಗೆ ತನ್ನ ಮೈಬಣ್ಣಾನೇ ಗೊತ್ತಿಲ್ಲ ಅಂದ್ಮೇಲೆ, ಒಂದು ಬಣ್ಣದೋರನ್ನ ತುಳಿಯೋ ನಿಯಮ ಯಾವ ಮುಠ್ಠಾಳ ಬರೀತಾನೆ? ರಾಲ್ಸ್ ಮೊದಲೇ ಹೇಳ್ಬಿಟ್ಟಿದಾರೆ, ಎಲ್ರೂ ನಿಯಮ ಪಾಲಿಸೋ ಸಮಾಜ ಹೇಗಿರ್ಬೇಕು ಅಂತ ಮೊದ್ಲು ನೋಡೋಣ, ಅನ್ಯಾಯ ಆದಾಗ ಏನ್ಮಾಡೋದು ಅನ್ನೋದು ಆಮೇಲೆ ಅಂತ. ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಿಲ್ದೆ ದಾರಿ ಹುಡುಕೋಕಾಗುತ್ತಾ?

ಇನ್ನೊಂದು ವಿಷ್ಯ, ರಾಬರ್ಟ್ ನೋಜಿಕ್ ಅಂತ ಒಬ್ರಿದಾರಲ್ಲ, ಸರ್ಕಾರ ಕೈ ಹಾಕಲೇಬಾರದು ಅನ್ನೋ ಕಡೆಯವರು, ಅವ್ರು ಕೂಡ 1974ರಲ್ಲೇ ಬರೆದಿದಾರೆ: ಆಸ್ತಿ ನ್ಯಾಯವಾಗಿ ಬಂದಿದ್ರೆ ಮಾತ್ರ ಅದು ನಿಮ್ದು, ಹಿಂದೆ ಕಿತ್ಕೊಂಡಿದ್ರೆ ಸರಿಪಡಿಸ್ಬೇಕು, ಹಿಂದಿನ ಅನ್ಯಾಯ ತುಂಬಾ ದೊಡ್ಡದಾಗಿದ್ರೆ ಸ್ವಲ್ಪ ಕಾಲಕ್ಕೆ ದೊಡ್ಡ ಸರ್ಕಾರಾನೇ ಬೇಕಾಗ್ಬಹುದು ಅಂತ. ಅವ್ರ ಹೆಸ್ರು ಹೇಳ್ಕೊಂಡು ತೆರಿಗೆ ವಿರುದ್ಧ ಕೂಗಾಡೋರು ಯಾರೂ ಈ ಭಾಗ ಮಾತ್ರ ಓದಿರಲ್ಲ ಅನ್ಸುತ್ತೆ. ಅಂದ್ರೆ ಎಲ್ರಿಗೂ ಸಮಾನ ಹಕ್ಕು, ಸ್ವಾತಂತ್ರ್ಯ ಅನ್ನೋ ಲಿಬರಲ್ ಚಿಂತನೆ ಒಳಗೇ ಮದ್ದು ಇದೆ, ಬಳಸ್ಲಿಲ್ಲ ಅಷ್ಟೇ.

ಹಳೇಪುಸ್ತಕ:
"ಬಳಸ್ಲಿಲ್ಲ ಅಷ್ಟೇ" ಅಂತ ಎಷ್ಟು ಸಲೀಸಾಗಿ ಹೇಳ್ಬಿಟ್ರಿ. ಮುನ್ನೂರು ವರ್ಷ ಬಳಸದೇ ಇದ್ದ ಮದ್ದು ಅದೆಂಥ ಮದ್ದು?

ಚಾರ್ಲ್ಸ್ ಮಿಲ್ಸ್ ಓದಿ. ಲಂಡನ್ನಲ್ಲಿ ಹುಟ್ಟಿ ಜಮೈಕಾದಲ್ಲಿ ಬೆಳೆದು ಅಮೆರಿಕದಲ್ಲಿ ಪಾಠ ಮಾಡಿದ ಫಿಲಾಸಫರ್, 2021ರಲ್ಲಿ ತೀರ್ಕೊಂಡ್ರು. 1997ರಲ್ಲಿ ಅವ್ರು ಒಂದು ಚಿಕ್ಕ ಪುಸ್ತಕ ಬರೆದ್ರು, ಅದ್ರ ವಾದ ಇಷ್ಟು: ಯುರೋಪಿನ ಫಿಲಾಸಫರ್‌ಗಳು ಹೇಳೋ ಸಾಮಾಜಿಕ ಒಪ್ಪಂದ ಇದ್ಯಲ್ಲ, ಎಲ್ಲಾ ಮನುಷ್ಯರು ಸಮಾನರಾಗಿ ಕೂತು ಒಪ್ಪಂದ ಮಾಡ್ಕೊಂಡ್ರು ಅನ್ನೋ ಕಥೆ, ನಿಜವಾಗಿ ನಡೆದಿದ್ದು ಬಿಳಿಯರು ಬಿಳಿಯರ ನಡುವೆ ಒಪ್ಪಂದ, ಉಳಿದೋರು ಒಪ್ಪಂದದ ಪಾಲುದಾರರಲ್ಲ, ಒಪ್ಪಂದದ ವಸ್ತು. ಉದಾಹರಣೆ ಬೇಕಾ? ಜಾನ್ ಲಾಕ್, ಸ್ವಾತಂತ್ರ್ಯದ ಪಿತಾಮಹ, ಗುಲಾಮರ ವ್ಯಾಪಾರ ಮಾಡ್ತಿದ್ದ ರಾಯಲ್ ಆಫ್ರಿಕನ್ ಕಂಪನೀಲಿ ಷೇರು ಇಟ್ಕೊಂಡಿದ್ರು. 1669ರ ಕ್ಯಾರೊಲೈನಾ ವಸಾಹತಿನ ಸಂವಿಧಾನ ಬರೆಯೋದ್ರಲ್ಲಿ ಅವ್ರ ಕೈ ಇತ್ತು, ಅದ್ರಲ್ಲಿ ಯಜಮಾನನಿಗೆ ತನ್ನ ಕಪ್ಪು ಗುಲಾಮನ ಮೇಲೆ ಸಂಪೂರ್ಣ ಅಧಿಕಾರ ಅಂತ ಒಂದು ಕಲಮು. ಇನ್ನೊಬ್ಬ ಇಂಗ್ಲಿಷ್ ಫಿಲಾಸಫರ್ ಜಾನ್ ಸ್ಟುವರ್ಟ್ ಮಿಲ್ (ಮೇಲೆ ಹೇಳಿದ ಮಿಲ್ಸ್ ಅಲ್ಲ) 1823ರಿಂದ 1858ರ ತನಕ ಈಸ್ಟ್ ಇಂಡಿಯಾ ಕಂಪನೀಲಿ ಕೆಲ್ಸ, ಮಾರನೇ ವರ್ಷ ಸ್ವಾತಂತ್ರ್ಯದ ಬಗ್ಗೆ ಆ ಪ್ರಸಿದ್ಧ ಪುಸ್ತಕ, ಅದ್ರಲ್ಲೇ "ಅನಾಗರಿಕ" ಜನರಿಗೆ ನಿರಂಕುಶ ಆಳ್ವಿಕೆ ತಪ್ಪಲ್ಲ, ಅವ್ರ ಸುಧಾರಣೆಗೆ ಅಂತಿದ್ರೆ ಸಾಕು ಅಂತ ಒಂದು ಮಾತು.

ದಯವಿಟ್ಟು ಯಾರೂ "ಆ ಕಾಲಾನೇ ಹಂಗಿತ್ತು" ಅನ್ಬೇಡಿ. ಸ್ಕಾಟ್ಲೆಂಡಿನ ಫಿಲಾಸಫರ್ ಡೇವಿಡ್ ಹ್ಯೂಮ್ 1753ರಲ್ಲಿ ತನ್ನ ಒಂದು ಪ್ರಬಂಧಕ್ಕೆ ಅಡಿಟಿಪ್ಪಣಿ ಸೇರ್ಸಿ ಕಪ್ಪು ಜನ ಬಿಳಿಯರಿಗಿಂತ ಹುಟ್ಟಿನಿಂದಲೇ ಕೀಳು ಇರ್ಬೇಕು ಅಂತ ಬರೆದ. 1770ರಲ್ಲೇ ಜೇಮ್ಸ್ ಬೀಟಿ ಅನ್ನೋ ಇನ್ನೊಬ್ಬ ಸ್ಕಾಟ್ ಅದನ್ನ ಹಿಡಿದು ಝಾಡಿಸಿದ, ಇದಕ್ಕೆ ಆಧಾರ ಎಲ್ಲಿದೆ, ನೀನು ಅವ್ರಲ್ಲಿ ಎಷ್ಟು ಜನಾನ ಕಂಡಿದೀಯ ಅನ್ನೋ ಧಾಟೀಲಿ. ಅದೇ ಕಾಲ, ಅದೇ ದೇಶ.

ಸುಮ್ನೆಕೇಳ್ದೆ:
ಹಾಗಾದ್ರೆ ಲಿಬರಲಿಸಂನೇ ಕಟ್ಟಿ ಕಸದ ಬುಟ್ಟಿಗೆ ಹಾಕ್ಬೇಕಾ? ವ್ಯಂಗ್ಯ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಹಳೇಪುಸ್ತಕ:
ಇಲ್ಲ, ಮಿಲ್ಸ್ ಕೂಡ ಹಾಗೆ ಹೇಳ್ಲಿಲ್ಲ, ಜನ ಇದನ್ನೇ ಮಿಸ್ ಮಾಡ್ಕೋತಾರೆ. ಕೊನೆ ಕೊನೆಗೆ ಅವ್ರು ತಮ್ಮದನ್ನ ಕಪ್ಪು ರಾಡಿಕಲ್ ಲಿಬರಲಿಸಂ ಅಂತಾನೇ ಕರ್ಕೊಂಡ್ರು. ಸಮಾನತೆ, ಹಕ್ಕು, ಘನತೆ ಎಲ್ಲಾ ಇರ್ಲಿ, ಆದ್ರೆ ಶುರು ಮಾಡೋ ಜಾಗ ಬದಲಾಗ್ಲಿ, ಅನ್ಯಾಯಾನೇ ನಡೀದ ಸಮಾಜ ಕಲ್ಪಿಸ್ಕೊಂಡು ಶುರು ಮಾಡ್ಬೇಡಿ, ಅನ್ಯಾಯ ಆಗಿಹೋದ ಸಮಾಜದಿಂದ ಶುರು ಮಾಡಿ ಅಂತ. ಇದು ಹೊಸ ದಾರಿ ಏನಲ್ಲ. ಫ್ರೆಡರಿಕ್ ಡಗ್ಲಸ್, ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಮನುಷ್ಯ, 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಭಾಷಣ ಮಾಡ್ತಾ ನಿಮ್ಮ ಜುಲೈ 4ರ ಸ್ವಾತಂತ್ರ್ಯೋತ್ಸವ ಗುಲಾಮನಿಗೆ ಏನು ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿ, ಅದೇ ಭಾಷಣದಲ್ಲಿ ಸಂವಿಧಾನಾನ ಸರಿಯಾಗಿ ಓದಿದ್ರೆ ಅದು ಸ್ವಾತಂತ್ರ್ಯದ ದಾಖಲೆ ಅಂತಾನೂ ಹೇಳಿದ್ರು. ಆ ಎರಡೂ ಮಾತು ಒಟ್ಟೊಟ್ಟಿಗೆ ಇರ್ಬಹುದು.

ಲಾ_ಓದ್ತಿರೋಳು:
ನಾನು ಫಿಲಾಸಫಿ ಕಡೆಯವಳಲ್ಲ, ಕೇಸು ಓದೋಳು, ಆದ್ರೆ ನನ್ನ ಪ್ರಕಾರ ಈ ಜಗಳದ ಗಂಟು ಬೇರೆ ಕಡೆ ಇದೆ. ರೇಸಿಸಂ ಅಂದ್ರೆ ಮನಸಲ್ಲಿರೋ ದ್ವೇಷಾನಾ, ಅಥವಾ ವ್ಯವಸ್ಥೆಯ ಫಲಿತಾಂಶಾನಾ? ಇದಕ್ಕೆ ಕೊಡೋ ಉತ್ತರದ ಮೇಲೆ ಕೋರ್ಟಲ್ಲಿ ಯಾರು ಏನನ್ನ ಸಾಬೀತು ಮಾಡ್ಬೇಕು ಅನ್ನೋದು ತೀರ್ಮಾನ ಆಗುತ್ತೆ.

ಒಂದು ಕಾನೂನು ಹತ್ರದಿಂದ ನೋಡಿ. ಅಮೆರಿಕದ 1986ರ ಡ್ರಗ್ ಕಾನೂನು. ಪುಡಿ ಕೊಕೇನ್ 500 ಗ್ರಾಂ ಇದ್ರೆ ಕನಿಷ್ಠ 5 ವರ್ಷ ಜೈಲು. ಅದೇ ಕೊಕೇನನ್ನ ಸೋಡಾ ಹಾಕಿ ಕುದಿಸಿ ಗಟ್ಟಿ ಮಾಡಿದ್ರೆ ಕ್ರ್ಯಾಕ್, ಅದು ಬರೀ 5 ಗ್ರಾಂ ಇದ್ರೂ ಕನಿಷ್ಠ 5 ವರ್ಷ. ಒಂದಕ್ಕೆ ನೂರು. ಕಾನೂನಲ್ಲಿ ಬಣ್ಣದ ಮಾತು ಎಲ್ಲೂ ಇಲ್ಲ. ಆದ್ರೆ ಫೆಡರಲ್ ಕೋರ್ಟಲ್ಲಿ ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದೋರು ಬಹುಪಾಲು ಕಪ್ಪು ಜನ. ಈಗ ಇಲ್ಲಿ ದ್ವೇಷ ಇಟ್ಕೊಂಡಿದ್ದೋರು ಯಾರು ಅಂತ ಬೆರಳು ತೋರ್ಸಿ ನೋಡೋಣ? ಕೆಲವು ಕಪ್ಪು ಜನಪ್ರತಿನಿಧಿಗಳೇ ಆ ಮಸೂದೆಗೆ ವೋಟ್ ಹಾಕಿದ್ರು, ತಮ್ಮ ಏರಿಯಾಗಳು ಹಾಳಾಗ್ತಿವೆ ಅಂತ ಹೆದರಿ. 2010ರಲ್ಲಿ ಅದನ್ನ ಒಂದಕ್ಕೆ 18 ಮಾಡಿದ್ರು. ಸಮ ಮಾಡ್ಲಿಲ್ಲ, 18. ಯಾಕೆ 18 ಅಂದ್ರೆ ಎರಡೂ ಪಕ್ಷ ಚೌಕಾಸಿ ಮಾಡಿ ನಿಂತಿದ್ದು ಅಲ್ಲಿ, ವಿಜ್ಞಾನ ಗಿಜ್ಞಾನ ಏನಿಲ್ಲ.

ಇನ್ನೊಂದು ಮೆಕ್ಲೆಸ್ಕಿ ಕೇಸು, 1987. ಜಾರ್ಜಿಯಾದಲ್ಲಿ ಕಪ್ಪು ಆರೋಪಿ, ಸತ್ತಿದ್ದು ಬಿಳಿ ಪೊಲೀಸ್, ಮರಣದಂಡನೆ. ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಅಧ್ಯಯನ ತಂದ್ರು, ಆ ರಾಜ್ಯದ 2,000ಕ್ಕೂ ಹೆಚ್ಚು ಕೊಲೆ ಕೇಸು ಜಾಲಾಡಿ, ಬೇರೆ ಎಲ್ಲಾ ಕಾರಣ ಲೆಕ್ಕಕ್ಕೆ ತಗೊಂಡ್ಮೇಲೂ ಸತ್ತೋರು ಬಿಳಿಯರಾಗಿದ್ರೆ ಮರಣದಂಡನೆ ಬೀಳೋ ಸಾಧ್ಯತೆ 4.3 ಪಟ್ಟು ಅಂತ. ಕೋರ್ಟು ಏನಂತು? ಅಧ್ಯಯನ ಸರಿ ಅಂತಾನೇ ಇಟ್ಕೊಳ್ಳೋಣ, ಆದ್ರೂ ಈ ಒಂದು ಕೇಸಲ್ಲಿ, ಈ ಮನುಷ್ಯನ ವಿರುದ್ಧ, ಇಂಥವ್ರು ಬೇಕು ಅಂತಾನೇ ಭೇದ ಮಾಡಿದ್ರು ಅಂತ ತೋರ್ಸಿ. 5-4ರಲ್ಲಿ ಸೋತ್ರು. ಜಸ್ಟಿಸ್ ಬ್ರೆನನ್ ಭಿನ್ನ ತೀರ್ಪಲ್ಲಿ ಬರೆದ್ರು, ಬಹುಮತದೋರಿಗೆ ಇರೋದು ನ್ಯಾಯ ಜಾಸ್ತಿ ಆಗ್ಬಿಡುತ್ತೇನೋ ಅನ್ನೋ ಭಯ ಅಂತ. ಬಹುಮತದ ತೀರ್ಪು ಬರೆದ ಪೊವೆಲ್ ರಿಟೈರ್ ಆದ್ಮೇಲೆ ಅವಕಾಶ ಸಿಕ್ಕಿದ್ರೆ ಆ ವೋಟ್ ಬದಲಾಯಿಸ್ತೀನಿ ಅಂದ್ರು. ಮೆಕ್ಲೆಸ್ಕಿನ 1991ರಲ್ಲಿ ಕೊಂದ್ರು.

ಗುಬ್ಬಚ್ಚಿ:
4.3 ಪಟ್ಟು ನೋಡಿ ಸುಸ್ತಾದೆ. ಇದು ಗೊತ್ತೇ ಇರ್ಲಿಲ್ಲ.

ತರ್ಕತಿಮ್ಮ:
ಕೇಸು ಕೆಟ್ಟದಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇದಕ್ಕೆ ಎದುರು ವಾದಾನೂ ಕೇಳಿ. ಜೆ. ಎಲ್. ಎ. ಗಾರ್ಸಿಯಾ ಅನ್ನೋ ಫಿಲಾಸಫರ್ 1996ರಲ್ಲಿ ಬರೆದ್ರು, ರೇಸಿಸಂ ಇರೋದು ಹೃದಯದಲ್ಲಿ, ಕೆಟ್ಟ ಮನಸ್ಸು ಅಥವಾ ಬೇರೆಯವ್ರ ಬಗ್ಗೆ ಕ್ಯಾರೇ ಇಲ್ದೆ ಇರೋದು, ಅದು ಇದ್ದಾಗ ಮಾತ್ರ ರೇಸಿಸಂ ಅಂತ. ಲಾರೆನ್ಸ್ ಬ್ಲಮ್ 2002ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ರು, ಎಲ್ಲದಕ್ಕೂ ರೇಸಿಸಂ ಅಂತ ಹಣೆಪಟ್ಟಿ ಹಚ್ತಾ ಹೋದ್ರೆ ಆ ಆರೋಪದ ತೂಕಾನೇ ಹೋಗುತ್ತೆ, ನಿಜವಾದ ರೇಸಿಸ್ಟ್ ಗುಂಪಲ್ಲಿ ಗೋವಿಂದ ಅಂತ ತಪ್ಪಿಸ್ಕೋತಾನೆ. ಫಲಿತಾಂಶ ನೋಡಿ ಎಲ್ಲಾ ವ್ಯವಸ್ಥೆಯ ತಪ್ಪು ಅಂದ್ಬಿಟ್ರೆ ಕೊನೆಗೆ ಯಾರ ತಪ್ಪೂ ಅಲ್ಲ ಅಂತ ಆಗಲ್ವಾ? ವ್ಯವಸ್ಥೆಗೆ ಕೈಕೋಳ ಹಾಕೋಕಾಗುತ್ತಾ?

ನೀಲಿಶಾಯಿ:
ತಿಮ್ಮ ಅವ್ರ ಕೊನೇ ಪ್ರಶ್ನೆ ನಂಗೂ ಇತ್ತು, ಅದಕ್ಕೆ ಐರಿಸ್ ಮರಿಯನ್ ಯಂಗ್ ಅನ್ನೋ ಫಿಲಾಸಫರ್ ಹತ್ರ ಉತ್ತರ ಸಿಕ್ತು. ಅವ್ರು 2006ರಲ್ಲಿ ತೀರ್ಕೊಂಡ್ರು, ಕೊನೇ ಪುಸ್ತಕ ಬಂದಿದ್ದು 2011ರಲ್ಲಿ. ಅದ್ರಲ್ಲಿ ಸ್ಯಾಂಡಿ ಅನ್ನೋ ಕಾಲ್ಪನಿಕ ಹೆಂಗಸಿನ ಕಥೆ ಇದೆ. ಇಬ್ರು ಮಕ್ಕಳ ತಾಯಿ, ಒಂಟಿ. ಬಾಡಿಗೆಗಿದ್ದ ಬಿಲ್ಡಿಂಗನ್ನ ಯಾರೋ ಕೊಂಡ್ಕೊಂಡ್ರು, ಖಾಲಿ ಮಾಡು ಅಂದ್ರು. ಕೆಲ್ಸದ ಹತ್ರ ಮನೆ ದುಬಾರಿ, ದೂರ ಹೋದ್ರೆ ಕಾರು ಬೇಕು, ಕಾರು ಕೊಂಡ್ರೆ ಬಾಡಿಗೆಗೆ ದುಡ್ಡು ಸಾಲಲ್ಲ, ಕೊನೆಗೂ ಒಂದು ಮನೆ ಸಿಕ್ಕಿದ್ರೆ ಮೂರು ತಿಂಗಳ ಅಡ್ವಾನ್ಸ್ ಕೇಳ್ತಾರೆ, ಅದಿಲ್ಲ, ಬೀದಿಗೆ ಬರೋ ಸ್ಥಿತಿ. ಮನೆ ಓನರ್, ಬ್ರೋಕರ್, ಯಾರೂ ಅವಳಿಗೆ ಮೋಸ ಮಾಡ್ಲಿಲ್ಲ, ಕೆಲವರು ಒಳ್ಳೆಯವ್ರೇ. ಯಂಗ್ ಹೇಳೋದು, ತಪ್ಪಿತಸ್ಥ ಅನ್ನೋದು ಬೇರೆ, ಜವಾಬ್ದಾರ ಅನ್ನೋದು ಬೇರೆ. ಈ ಪ್ರಕ್ರಿಯೇಲಿ ಪಾಲಿರೋ ನಾವೆಲ್ಲಾ ಅದನ್ನ ಬದಲಾಯಿಸೋಕೆ ಜವಾಬ್ದಾರರು, ಅದ್ರಲ್ಲೂ ಯಾರಿಗೆ ಶಕ್ತಿ ಜಾಸ್ತಿ, ಲಾಭ ಜಾಸ್ತಿ, ಅವ್ರಿಗೆ ಜಾಸ್ತಿ. ಹಾಗಾಗಿ ಕೈಕೋಳ ಬೇಕಾಗಿಲ್ಲ.

ಸುಮ್ನೆಕೇಳ್ದೆ:
ಎಲ್ರೂ ಜವಾಬ್ದಾರರು ಅಂದ್ರೆ ನನ್ನ ಅನುಭವದಲ್ಲಿ ಯಾರೂ ಏನೂ ಮಾಡಲ್ಲ, ನಮ್ಮ ಆಫೀಸ್ ಮೀಟಿಂಗ್ ಥರ.

ಅಂಚೆಪೆಟ್ಟಿಗೆ:
ಮನೆ ವಿಷ್ಯ ಬಂತಲ್ಲ, ಅದನ್ನ ಸ್ವಲ್ಪ ಎಳೀತೀನಿ, ಯಾಕಂದ್ರೆ ರೇಸಿಸಂ ಮನಸಲ್ಲಿದ್ಯಾ ವ್ಯವಸ್ಥೇಲಿದ್ಯಾ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. 1933ರಲ್ಲಿ ಅಮೆರಿಕ ಸರ್ಕಾರ ಮನೆ ಸಾಲದವ್ರನ್ನ ಉಳ್ಸೋಕೆ ಒಂದು ನಿಗಮ ಮಾಡ್ತು, ಅದು ಊರೂರಿನ ಮ್ಯಾಪ್ ಬರೀತು. ಹಸಿರು ಅಂದ್ರೆ ಉತ್ತಮ, ಆಮೇಲೆ ನೀಲಿ, ಹಳದಿ, ಕೊನೆಗೆ ಕೆಂಪು ಅಂದ್ರೆ ಅಪಾಯ. ಕಪ್ಪು ಜನ ಇರೋ ಬಡಾವಣೆಗೆ ಹೆಚ್ಚುಕಮ್ಮಿ ಕಣ್ಣು ಮುಚ್ಕೊಂಡು ಕೆಂಪು. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಇಲಾಖೆ ಕೂಡ ಅಂಥ ಕಡೆ ಸಾಲಕ್ಕೆ ಗ್ಯಾರಂಟಿ ಕೊಡ್ತಿರ್ಲಿಲ್ಲ. ಬಿಳಿ ಕುಟುಂಬಗಳು ಕಡಿಮೆ ಬಡ್ಡೀಲಿ ಮನೆ ಮಾಡ್ಕೊಂಡ್ವು, ಮನೆ ಬೆಲೆ ಏರ್ತು, ಮಕ್ಕಳಿಗೆ ಹೋಯ್ತು, ಮೊಮ್ಮಕ್ಕಳ ಕಾಲೇಜ್ ಫೀಸ್ ಆಯ್ತು. 1968ರಲ್ಲಿ ಫೇರ್ ಹೌಸಿಂಗ್ ಆಕ್ಟ್ ತಂದು ಇನ್ಮೇಲೆ ಮನೆ ಕೊಡೋವಾಗ ಬಣ್ಣ ನೋಡೋ ಹಾಗಿಲ್ಲ ಅಂದ್ರು. ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇವತ್ತು ಬ್ಯಾಂಕ್ ಮ್ಯಾನೇಜರ್ ದೇವರಂಥ ಮನುಷ್ಯ ಆಗಿದ್ರೂ, ಬಣ್ಣಾನೇ ನೋಡ್ದೆ ಬರೀ ಆಸ್ತಿ ಪತ್ರ ನೋಡಿ ಸಾಲ ಕೊಟ್ರೂ, ಹಳೇ ಮ್ಯಾಪ್ ಕೆಲ್ಸ ಮಾಡ್ತಾನೇ ಇರುತ್ತೆ. ಇಲ್ಲಿ ಗಾರ್ಸಿಯಾ ಹೇಳೋ ಹೃದಯ ಎಲ್ಲಿ ಹುಡುಕ್ತೀರಿ?

ಹಾಗಂತ ಹೃದಯದ ರೇಸಿಸಂ ಮುಗ್ದಿದೆ ಅಂತಾನೂ ಅಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬಾಸ್ಟನ್, ಶಿಕಾಗೊದಲ್ಲಿ ಸುಮಾರು 5,000 ಸುಳ್ಳು ರೆಸ್ಯೂಮೆ ಕಳ್ಸಿದ್ರು, ಎಮಿಲಿ ಥರದ ಬಿಳಿಯರ ಹೆಸರಿದ್ರೆ ಸುಮಾರು 10 ಕಳ್ಸಿದ್ರೆ ಒಂದು ಕಾಲ್, ಲಕೀಶಾ ಥರದ ಕಪ್ಪು ಜನರ ಹೆಸರಿದ್ರೆ ಸುಮಾರು 15.

ಲಾ_ಓದ್ತಿರೋಳು:
"ಬಣ್ಣ ನೋಡ್ಬಾರ್ದು" ಅನ್ನೋ ಮಾತಿನ ಮೂಲ ಕೂಡ ಸ್ವಾರಸ್ಯವಾಗಿದೆ. 1896ರ ಪ್ಲೆಸ್ಸಿ ಕೇಸು, ರೈಲಲ್ಲಿ ಕಪ್ಪು ಜನಕ್ಕೂ ಬಿಳಿಯರಿಗೂ ಬೇರೆ ಬೇರೆ ಬೋಗಿ ಇರ್ಬಹುದು ಅಂತ ಕೋರ್ಟ್ ಹೇಳ್ದಾಗ ಒಬ್ರೇ ಒಬ್ರು ಜಡ್ಜು, ಹಾರ್ಲನ್, ವಿರೋಧ ಬರೆದ್ರು: ಇಲ್ಲಿ ಕ್ಯಾಸ್ಟ್ ಅನ್ನೋದಿಲ್ಲ, ನಮ್ಮ ಸಂವಿಧಾನಕ್ಕೆ ಬಣ್ಣ ಕಾಣಲ್ಲ ಅಂತ. ಎಲ್ರೂ ಆ ಸಾಲು ಎತ್ಕೊಂಡು ಓಡಾಡ್ತಾರೆ. ಅದರ ಮೇಲಿನ ಸಾಲುಗಳನ್ನ ಯಾರೂ ಓದಲ್ಲ, ಅಲ್ಲಿ ಅವ್ರು ಬಿಳಿ ಜನಾಂಗ ಈ ದೇಶದಲ್ಲಿ ಪ್ರಬಲ ಅಂತ ಭಾವಿಸುತ್ತೆ, ವಿದ್ಯೆ, ಸಂಪತ್ತು, ಅಧಿಕಾರ ಎಲ್ಲದ್ರಲ್ಲೂ ಹಾಗೇ ಇದೆ, ಮುಂದೂ ಹಾಗೇ ಇರುತ್ತೆ ಅಂತ ಆರಾಮಾಗಿ ಬರೆದಿದಾರೆ. ಅಂದ್ರೆ ಕಾನೂನು ಕುರುಡಾಗಿದ್ರೂ ಮೇಲಿರೋರು ಮೇಲೇ ಇರ್ತಾರೆ ಅಂತ ಅವ್ರಿಗೇ ಗೊತ್ತಿತ್ತು! 2023ರ ಜೂನ್‌ನಲ್ಲಿ ಹಾರ್ವರ್ಡ್ ಕೇಸಲ್ಲಿ ಕಾಲೇಜ್ ಅಡ್ಮಿಷನ್‌ಗೆ ರೇಸ್ ನೋಡೋ ಹಾಗಿಲ್ಲ ಅಂತ ಆಯ್ತು. ಮಿಲಿಟರಿ ಅಕಾಡೆಮಿ ವಿಷ್ಯ ಮಾತ್ರ ತೀರ್ಮಾನಿಸಲ್ಲ ಅಂತ ಒಂದು ಅಡಿಟಿಪ್ಪಣೀಲಿ ಬಿಟ್ರು. ಅಲ್ಲಿ ಬೇರೆ ಹಿತಾಸಕ್ತಿ ಇರ್ಬಹುದಂತೆ.

ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ, ಜನಗಣತೀಲಿ ರೇಸ್ ಕೇಳೋದೇ ಇಲ್ಲ, ಪ್ರಜೆ ಅಂದ್ರೆ ಪ್ರಜೆ ಅಷ್ಟೇ. ಕೇಳೋಕೆ ಎಷ್ಟು ಚಂದ. ಆದ್ರೆ ಮೆಕ್ಲೆಸ್ಕಿ ಥರದ ಅಧ್ಯಯನ ಅಲ್ಲಿ ಮಾಡ್ಬೇಕು ಅಂದ್ರೆ ಅಂಕಿ ಎಲ್ಲಿಂದ ತರ್ತೀರ?

ಗುಬ್ಬಚ್ಚಿ:
ಕ್ಯಾಸ್ಟ್ ಅನ್ನೋ ಮಾತು ಅಲ್ಲೂ ಬಂತಲ್ಲ! 1946ರಲ್ಲಿ ಅಂಬೇಡ್ಕರ್ ಅವ್ರು ಡು ಬಾಯ್ಸ್ ಅನ್ನೋ ಕಪ್ಪು ಅಮೆರಿಕನ್ ಚಿಂತಕರಿಗೆ ಪತ್ರ ಬರೆದು ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಡ್ತಿರೋ ಅರ್ಜಿಯ ಪ್ರತಿ ಕೇಳಿದ್ರು, ಡು ಬಾಯ್ಸ್ ಉತ್ತರಾನೂ ಬರೆದ್ರು. ಅದಕ್ಕೆ ಬೇರೆ ಥ್ರೆಡ್ಡೇ ಬೇಕು, ಇಲ್ಲಿ ಎಳೆದ್ರೆ ರಾಲ್ಸ್ ಕಳೆದುಹೋಗ್ತಾರೆ.

ಹಳೇಪುಸ್ತಕ:
ಇನ್ನೊಂದು ಮುಖ ಬಿಟ್ಟುಹೋಯ್ತು, ಯಾರ ಮಾತನ್ನ ನಂಬ್ತಾರೆ ಅನ್ನೋದು. ಮಿರಾಂಡಾ ಫ್ರಿಕರ್ ಅನ್ನೋ ಫಿಲಾಸಫರ್ 2007ರಲ್ಲಿ ಇದನ್ನ ಅನ್ಯಾಯದ ಒಂದು ಪ್ರತ್ಯೇಕ ಬಗೆ ಅಂತ ಗುರುತಿಸಿದ್ರು, ಹೇಳೋನ ಬಣ್ಣ ನೋಡಿ ಅವನ ಸಾಕ್ಷಿಗೆ ತೂಕ ಕಮ್ಮಿ ಮಾಡೋದು. 1993ರಲ್ಲಿ ಲಂಡನ್ನಲ್ಲಿ ಸ್ಟೀಫನ್ ಲಾರೆನ್ಸ್ ಅನ್ನೋ ಕಪ್ಪು ಹುಡುಗನ್ನ ಬಸ್ ಸ್ಟಾಪ್ ಹತ್ರ ಬಿಳಿ ಹುಡುಗರ ಗುಂಪು ಇರಿದು ಕೊಂದ್ರು. ಜೊತೆಗಿದ್ದ ಗೆಳೆಯ ಎಲ್ಲಾ ನೋಡಿದೋನು, ಅವನ ಮಾತನ್ನ ಸ್ಥಳದಲ್ಲಿದ್ದ ಕೆಲವು ಪೊಲೀಸರು ಪಕ್ಕಕ್ಕೆ ಸರ್ಸಿದ್ರು. 1999ರ ಮ್ಯಾಕ್‌ಫರ್ಸನ್ ವರದಿ ಇದನ್ನ ರೇಸಿಸ್ಟ್ ಪೂರ್ವಗ್ರಹ ಅಂತಾನೇ ಬರೀತು, ಇಡೀ ಪೊಲೀಸ್ ಪಡೇಲಿ ಸಾಂಸ್ಥಿಕ ರೇಸಿಸಂ ಇದೆ ಅಂತ ಹೇಳ್ತು. ಇಬ್ಬರಿಗೆ ಶಿಕ್ಷೆ ಆಗಿದ್ದು 2012ರಲ್ಲಿ. ಮಿಲ್ಸ್ ಇದನ್ನೇ ಇನ್ನೊಂದು ಕಡೆಯಿಂದ ಹೇಳ್ತಾರೆ, ಇಲ್ಲಿ ಗೊತ್ತಿಲ್ದೆ ಇರೋದು ಆಕಸ್ಮಿಕ ಅಲ್ಲ, ಗೊತ್ತಾಗದೇ ಇರೋ ಹಾಗೆ ವ್ಯವಸ್ಥೆ ನೋಡ್ಕೊಳ್ಳುತ್ತೆ.

ತರ್ಕತಿಮ್ಮ:
ಒಪ್ಕೊಂಡೆ ಅಂತಾನೇ ಇಟ್ಕೊಳ್ಳಿ. ಮುಂದೇನು, ಪರಿಹಾರಾನಾ? ಇನ್ನೂರು ವರ್ಷದ ಹಿಂದಿನ ಸಾಲಾನ ಇವತ್ತು ಯಾರು ಯಾರಿಗೆ ತೀರಿಸೋದು? ಜೆರೆಮಿ ವಾಲ್ಡ್ರನ್ ಅನ್ನೋ ಫಿಲಾಸಫರ್ 1992ರಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಭೂಮಿ ವಿಷ್ಯ ಇಟ್ಕೊಂಡು ಬರೆದ್ರಲ್ಲ, ಕಾಲ ಬದಲಾದ್ರೆ, ಪರಿಸ್ಥಿತಿ ಬದಲಾದ್ರೆ ಹಳೇ ಅನ್ಯಾಯದ ಮೇಲೆ ಇಟ್ಟ ಹಕ್ಕು ಕೂಡ ಕರಗಬಹುದು, ಈಗಿರೋ ಎಲ್ರಿಗೂ ನ್ಯಾಯ ಏನು ಅಂತ ನೋಡಿ ಅಂತ. ಅದ್ರಲ್ಲಿ ತಪ್ಪೇನು?

ಅಂಚೆಪೆಟ್ಟಿಗೆ:
ಹಳೇದಾಯ್ತು ಅನ್ನೋದಕ್ಕೆ ಬ್ರಿಟನ್ ಉತ್ತರ ಕೊಡುತ್ತೆ. 1833ರಲ್ಲಿ ಗುಲಾಮಗಿರಿ ನಿಲ್ಸೋ ಕಾನೂನು ಮಾಡಿದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ಆ ಕಾಲದ ವರ್ಷದ ಖರ್ಚಿನ ಸುಮಾರು ಶೇಕಡಾ 40. ಕೊಟ್ಟಿದ್ದು ಯಾರಿಗೆ? ಮಾಲೀಕರಿಗೆ, ಅವ್ರ ಆಸ್ತಿ ಹೋಯ್ತಲ್ಲ ಅಂತ. ಗುಲಾಮರಿಗೆ ನಯಾಪೈಸೆ ಇಲ್ಲ, ಮೇಲಿಂದ ಬಹಳಷ್ಟು ಜನ 1838ರ ತನಕ ಅಪ್ರೆಂಟಿಸ್ ಹೆಸರಲ್ಲಿ ಬಿಟ್ಟಿ ದುಡೀಬೇಕಾಯ್ತು. ಆ ಪರಿಹಾರ ಕೊಡೋಕೆ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದ್ರೆ ಕೆರಿಬಿಯನ್‌ನಿಂದ ಬ್ರಿಟನ್ನಿಗೆ ಬಂದು ನೆಲೆಸಿದ ಗುಲಾಮರ ವಂಶಸ್ಥರು ಕಟ್ಟಿದ ತೆರಿಗೇನೂ ಅದಕ್ಕೆ ಹೋಗಿದೆ. ಮಾಲೀಕರ ಕಡೆ ಲೆಕ್ಕ ಸುಮಾರು 180 ವರ್ಷ ಚಾಲ್ತೀಲಿತ್ತು, ಈ ಕಡೆ ಲೆಕ್ಕ ಮಾತ್ರ ಹಳೇದಾಗಿ ಕರಗಿಹೋಯ್ತಾ?

ಅಮೆರಿಕ ಕೊಟ್ಟ ಉದಾಹರಣೆನೂ ಇದೆ. ಎರಡನೇ ಮಹಾಯುದ್ಧದಲ್ಲಿ ಕ್ಯಾಂಪಿಗೆ ತುಂಬಿದ ಜಪಾನಿ ಮೂಲದವ್ರಲ್ಲಿ ಬದುಕಿದ್ದೋರಿಗೆ 1988ರ ಕಾನೂನಲ್ಲಿ ತಲಾ 20,000 ಡಾಲರ್, ಜೊತೆಗೆ ಕ್ಷಮೆ. ಮನಸಿದ್ರೆ ಆಗುತ್ತೆ.

ತರ್ಕತಿಮ್ಮ:
ಬದುಕಿದ್ದೋರಿಗೆ ಅಂತ ನೀವೇ ಬರೆದ್ರಿ ನೋಡಿ, ನನ್ನ ಪಾಯಿಂಟ್ ಅದೇ. ಆದ್ರೆ 2015ರ ವಿಷ್ಯ ಗಟ್ಟಿ ಇದೆ, ಅದಕ್ಕೆ ಸದ್ಯ ನನ್ನ ಹತ್ರ ಉತ್ತರ ಇಲ್ಲ.

ನೀಲಿಶಾಯಿ:
ನಾನು ಕೇಳಿದ್ದು ಮರೀಬೇಡಿ, ರಾಲ್ಸ್ ಉಳೀತಾರಾ ಇಲ್ವಾ?

ಹಳೇಪುಸ್ತಕ:
ಅದೇ ಜಗಳ ಟಾಮಿ ಶೆಲ್ಬಿ ಅನ್ನೋ ಫಿಲಾಸಫರ್ ಮತ್ತೆ ಮಿಲ್ಸ್ ನಡುವೆ ನಡೆದಿದೆ. ಶೆಲ್ಬಿ 2004ರಲ್ಲಿ ಹೇಳಿದ್ದು, ರಾಲ್ಸ್ ಅವ್ರ ಸಮಾನ ಅವಕಾಶದ ತತ್ವ ಬರೀ ಬಾಗಿಲು ತೆರೆದಿಡೋದಲ್ಲ, ಒಂದೇ ಪ್ರತಿಭೆ ಒಂದೇ ಹಂಬಲ ಇರೋ ಇಬ್ರಿಗೆ ಯಾವ ಮನೇಲಿ ಹುಟ್ಟಿದ್ರೂ ಒಂದೇ ಭವಿಷ್ಯ ಇರ್ಬೇಕು ಅನ್ನುತ್ತೆ, ಅದನ್ನ ಪ್ರಾಮಾಣಿಕವಾಗಿ ಜಾರಿ ಮಾಡಿದ್ರೆ ಅಂಚೆಪೆಟ್ಟಿಗೆ ಹೇಳಿದ ಹಳೇ ಮ್ಯಾಪಿನ ಹೊರೆ ಬಹಳಷ್ಟು ಇಳಿಯುತ್ತೆ ಅಂತ. ಮಿಲ್ಸ್ ಒಪ್ಲಿಲ್ಲ. ಆ ತತ್ವ ಬರೆದಿದ್ದು ಅನ್ಯಾಯ ನಡೀದ ಸಮಾಜಕ್ಕೆ, ಕಿತ್ಕೊಂಡಿದ್ದನ್ನ ವಾಪಸ್ ಕೊಡೋದಕ್ಕಲ್ಲ, ಬಡತನದ ಹೆಸರಲ್ಲಿ ಪರಿಹಾರ ಕೊಟ್ರೆ ಆ ತಪ್ಪಿಗೆ ಲೆಕ್ಕ ಕೊಟ್ಟ ಹಾಗೆ ಆಗಲ್ಲ ಅಂದ್ರು. ನಂಗೆ ಮಿಲ್ಸ್ ಸರಿ ಅನ್ಸುತ್ತೆ, ಯಾಕಂದ್ರೆ 1833ರಲ್ಲಿ ಮಾಲೀಕರಿಗೆ ಕೊಟ್ಟಾಗ ಯಾರೂ ಅದನ್ನ ಬಡತನ ನಿವಾರಣೆ ಯೋಜನೆ ಅಂತ ಕರೀಲಿಲ್ಲ.

ತರ್ಕತಿಮ್ಮ:
ನಾನು ಶೆಲ್ಬಿ ಕಡೆ. ವಾಪಸ್ ಕೊಟ್ಟು ಲೆಕ್ಕ ಚುಕ್ತಾ ಅಂತ ಕೈ ತೊಳ್ಕೊಂಡ್ರೆ, ಮಾರನೇ ದಿನ ಸ್ಕೂಲು, ಬ್ಯಾಂಕು, ಪೊಲೀಸ್ ಸ್ಟೇಷನ್ ಹಾಗೇ ಇದ್ರೆ? ಶೆಲ್ಬಿ ಅವ್ರ 2016ರ ಪುಸ್ತಕ ಓದಿ ಮೊದ್ಲು. ಬಡ ಕಪ್ಪು ಬಡಾವಣೆಯ ಹುಡುಗರು ಕೀಳಾಗಿ ಕಾಣೋ ಕೆಲ್ಸ ಮಾಡಲ್ಲ ಅಂತ ನಿಂತ್ರೆ ಅವ್ರನ್ನ ಸೋಮಾರಿ ಅನ್ನೋ ಹಕ್ಕು ಸಮಾಜಕ್ಕಿಲ್ಲ, ಯಾಕಂದ್ರೆ ತನ್ನ ಕಡೆ ಒಪ್ಪಂದ ಸಮಾಜಾನೇ ಪಾಲಿಸಿಲ್ಲ ಅಂತ ಪೂರಾ ರಾಲ್ಸ್ ಲೆಕ್ಕದಲ್ಲೇ ತೋರ್ಸಿದಾರೆ. ಎಲ್ರನ್ನೂ ಒಂದೇ ಬಡಾವಣೇಲಿ ಬೆರೆಸಿದ್ರೆ ಸರಿಹೋಗುತ್ತೆ ಅನ್ನೋ ಎಲಿಜಬೆತ್ ಆಂಡರ್ಸನ್ ವಾದಾನೂ ಅವ್ರು ಒಪ್ಪಲ್ಲ.

ಲಾ_ಓದ್ತಿರೋಳು:
ಆ ಕೊನೇದ್ರಲ್ಲಿ ನಾನು ಆಂಡರ್ಸನ್ ಕಡೆ, ಬೇರೆ ಬೇರೆ ಇದ್ದಷ್ಟು ದಿನ ಸ್ಕೂಲಿಗೆ ದುಡ್ಡು ಹೋಗೋದೂ ಬೇರೆ ಬೇರೇನೇ. ಪರೀಕ್ಷೆ ಮುಗೀಲಿ, ಬರೀತೀನಿ. ತಿಮ್ಮ ಅವ್ರೇ, ಅಷ್ಟರಲ್ಲಿ 2015ಕ್ಕೆ ಉತ್ತರ ಹುಡುಕಿಡಿ.